ಕೊಬ್ಬರಿ ಎಣ್ಣೆ ಗಟ್ಟಿಯಾದರೆ ‘ಮೇಣ ಬೆರೆಸಿದ್ದೀರಾ’ ಅನ್ನೋ ಕಾಮೆಂಟ್‌ಗಳು: ಏನಂತ ಉತ್ತರ ಕೊಡೋದು?

ಗಾಣದೆಣ್ಣೆ_ತಿಪಟೂರು:

ನಮ್ಮದು ಮರದ ಗಾಣ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎರಡೇ ಮಾಡೋದು. ಮಾರಾಟವೆಲ್ಲ ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೇಲೆ. ಹೆಚ್ಚಿಗೆ ಹೋಗೋದು ಬೆಂಗಳೂರಿಗೆ, ಸ್ವಲ್ಪ ಪುಣೆ, ಹೈದರಾಬಾದ್‌ಗೆ ಕೊರಿಯರ್. ಚಳಿ ಶುರುವಾದಾಗಿನಿಂದ ರೀಲ್ಸ್ ಕೆಳಗೆ ಮೂರೇ ಥರ ಕಾಮೆಂಟ್: ‘ಎಣ್ಣೆ ಗಟ್ಟಿಯಾಗಿದೆ, ಮೇಣ ಬೆರೆಸಿದ್ದೀರಾ’, ‘ಒಂದು ಲೀಟರ್ ಅಂತೀರಿ, ತೂಕ ಹಾಕಿದ್ರೆ 910 ಗ್ರಾಂ ಇದೆ’, ‘ಬಾಟಲಿ ಸೋರಿ ಬಂದಿದೆ, ಫೋನ್ ಎತ್ತಲ್ಲ’. ತಮ್ಮ ಎಲ್ಲಾ ಡಿಲೀಟ್ ಮಾಡೋಣ ಅಂತಾನೆ. ಪೇಜ್ ನೋಡಿಕೊಳ್ಳೋ ಏಜೆನ್ಸಿಯವರು ‘ಗಾಣದ ಮುಂದೆ ನಿಂತು ಮಾತಾಡಿ, ಜನಕ್ಕೆ ಪ್ರಾಮಾಣಿಕತೆ ಕಾಣಬೇಕು’ ಅಂತಾರೆ. ಆ ವಿಡಿಯೊ ಕೆಳಗೂ ಅದೇ ಕಾಮೆಂಟ್‌ಗಳು ಬಂದಿವೆ. ಏನಂತ ಉತ್ತರಿಸಬೇಕು, ಎಷ್ಟು ಹೊತ್ತಿನೊಳಗೆ, ಯಾವುದನ್ನ ಎಲ್ಲರ ಮುಂದೆ, ಯಾವುದನ್ನ ಇನ್‌ಬಾಕ್ಸಿನಲ್ಲಿ? ಬಲ್ಲವರು ಹೇಳಿ.

ಜಿಡ್ಡು_ಲೆಕ್ಕ:

ಮೂರರಲ್ಲಿ ಎರಡು ದೂರುಗಳು ಎಣ್ಣೆಯ ಗುಣದಿಂದ ಬಂದವು, ಒಂದು ನಿಮ್ಮ ಪ್ಯಾಕಿಂಗಿನಿಂದ. ಮೂರಕ್ಕೂ ‘ತೊಂದರೆಗೆ ವಿಷಾದಿಸುತ್ತೇವೆ’ ಅಂತ ಒಂದೇ ಉತ್ತರ ಅಂಟಿಸಿದರೆ ಓದಿದವರಿಗೆ ಅನುಮಾನ ಜಾಸ್ತಿಯೇ ಆಗುತ್ತೆ.

ಗಟ್ಟಿಯಾಗೋದು: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಡಿಸೆಂಬರ್ ರಾತ್ರಿ ಬೆಂಗಳೂರು, ಪುಣೆ ಎರಡೂ ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ. ಗಿರಾಕಿಗೆ ಮನೆಯಲ್ಲೇ ಮಾಡಿ ನೋಡೋಕೆ ಒಂದು ದಾರಿ ಕೊಡಿ: ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು 40 ಡಿಗ್ರಿ ಮೀರದ ಉಗುರುಬೆಚ್ಚಗಿನ ನೀರಿನಲ್ಲಿಡಲಿ. ಸ್ವಲ್ಪ ಹೊತ್ತಿಗೆ ಪೂರ್ತಿ ಕರಗಿ ತಿಳಿಯಾಗುತ್ತೆ. ಮೇಣದಬತ್ತಿಯ ಪ್ಯಾರಾಫಿನ್ ಕರಗೋಕೆ ಅದಕ್ಕಿಂತ ಹೆಚ್ಚು ಬಿಸಿ ಬೇಕು, ಅದಿದ್ದರೆ ಬಿಳಿ ಪದರ ಉಳಿದುಕೊಳ್ಳುತ್ತೆ.

ಇಲ್ಲೇ ಒಂದು ಎಚ್ಚರ. ‘ಗಟ್ಟಿಯಾದರೆ ಶುದ್ಧ’ ಅಂತ ಎಷ್ಟೋ ಪೇಜ್‌ಗಳು ಹಾಕಿಕೊಂಡಿವೆ, ಅದು ಸುಳ್ಳು. ತಾಳೆ ಎಣ್ಣೆ ಬೆರೆಸಿದರೂ ಚಳಿಗೆ ಗಟ್ಟಿಯಾಗುತ್ತೆ. ನೀವೂ ಹಾಗೆ ಬರೆದು, ಗೊತ್ತಿದ್ದವರೊಬ್ಬರು ಬಂದು ಕೆಳಗೆ ತಿದ್ದಿದರೆ ಗಾಣದ ಮುಂದೆ ನಿಂತು ಮಾತಾಡಿದ್ದೆಲ್ಲ ನೀರುಪಾಲು. ಶುದ್ಧತೆಗೆ ಸಾಕ್ಷಿ ಬೇಕೆಂದರೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಬ್ಯಾಚ್ ಪರೀಕ್ಷೆ ಮಾಡಿಸಿ. ಅಯೋಡಿನ್ ಸಂಖ್ಯೆ (ಎಣ್ಣೆಯಲ್ಲಿ ಅಪರ್ಯಾಪ್ತ ಕೊಬ್ಬು ಎಷ್ಟಿದೆ ಅನ್ನೋ ಅಳತೆ) ನೋಡಿ: ಕೊಬ್ಬರಿ ಎಣ್ಣೆಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಮಿತಿ 7.5ರಿಂದ 10. ಬೇರೆ ಅಗ್ಗದ ಎಣ್ಣೆ ಸೇರಿದರೆ ಈ ಸಂಖ್ಯೆ ಮೇಲೆ ಹೋಗುತ್ತೆ. ವರದಿಯ ಫೋಟೊ ಹಾಕುವಾಗ ಬ್ಯಾಚ್ ನಂಬರ್ ಕಾಣಬೇಕು, ಅದೇ ನಂಬರ್ ಬಾಟಲಿಯ ಮೇಲೂ ಇರಬೇಕು. ಎಂದೋ ಒಮ್ಮೆ ಮಾಡಿಸಿದ ವರದಿಯನ್ನೇ ವರ್ಷವಿಡೀ ತೋರಿಸೋದು ಬೇಡ.

ತೂಕ: ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಕಡಲೆಕಾಯಿ ಎಣ್ಣೆ ತೂಗೋದೇ ಸುಮಾರು 910 ಗ್ರಾಂ, ಅಂದರೆ ಗಿರಾಕಿ ಹೇಳಿದ್ದೂ ನಿಜ, ನೀವು ತುಂಬಿದ್ದೂ ನಿಜ. ಅಳತೆಯ ಜೊತೆ ತೂಕವನ್ನೂ ಲೇಬಲ್ ಮೇಲೆ ಬರೆಯಿರಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಖಾದ್ಯ ತೈಲದವರಿಗೆ 2022ರಲ್ಲೇ ಹೇಳಿದೆ. ‘1 ಲೀಟರ್ / 910 ಗ್ರಾಂ’ ಅಂತ ಒಂದು ಸಾಲು ಅಚ್ಚು ಹಾಕಿಸಿದರೆ ಈ ಕಾಮೆಂಟ್ ಬರೋದೇ ನಿಲ್ಲುತ್ತೆ.

ಸೋರಿಕೆ: ಇದು ನಿಮ್ಮ ಕಡೆಯ ತಪ್ಪೇ. ಬಿಸಿಲಲ್ಲಿ ನಿಂತ ಕೊರಿಯರ್ ಗಾಡಿಯೊಳಗೆ ಎಣ್ಣೆಯ ಬಿಸಿ 20 ಡಿಗ್ರಿಯಷ್ಟು ಏರಿದರೆ ಲೀಟರಿಗೆ ಸುಮಾರು 14 ಮಿಲೀ ಹಿಗ್ಗುತ್ತೆ. ಬಾಟಲಿಯಲ್ಲಿ ಜಾಗ ಇಲ್ಲದಿದ್ದರೆ ಮುಚ್ಚಳದ ಸಂದಿನಿಂದ ಹೊರಗೆ ಬರಲೇಬೇಕು. ಕಂಠಪೂರ್ತಿ ತುಂಬಿದರೆ 1,040-1,050 ಮಿಲೀ ಹಿಡಿಯೋ ಬಾಟಲಿ ತಗೊಂಡು 1,000 ಮಾತ್ರ ತುಂಬಿ. ಬಾಯಿಗೆ ಫಾಯಿಲ್ ಸೀಲ್ ಹಾಕ್ತಿದ್ದರೆ ಮೊದಲು ಅಂಚನ್ನು ಒಣ ಬಟ್ಟೆಯಲ್ಲಿ ಒರೆಸಿ. ಜಿಡ್ಡಿನ ಮೇಲೆ ಫಾಯಿಲ್ ಅಂಟಲ್ಲ. ಸೀಲ್ ಹಾಕಿದ್ದೂ ಸೋರಿತು ಅನ್ನೋದರ ಹಿಂದೆ ಬಹಳ ಸಲ ಇರೋದು ಇದೇ. ಪ್ರತಿ ಬ್ಯಾಚಿನಿಂದ ಎರಡು ಬಾಟಲಿ ತೆಗೆದು ಪೇಪರ್ ಮೇಲೆ ಅಡ್ಡ ಮಲಗಿಸಿ ಒಂದು ಹಗಲು ಬಿಸಿಲಿಗಿಡಿ, ಕಲೆ ಬಿದ್ದರೆ ಆ ಬ್ಯಾಚ್ ಕಳಿಸಬೇಡಿ. ನವೆಂಬರಿನಿಂದ ಜನವರಿವರೆಗೆ ಕೊಬ್ಬರಿ ಎಣ್ಣೆಗೆ ಅಗಲ ಬಾಯಿಯ ಡಬ್ಬಿ ಬಳಸಿ. ಕಿರಿದಾದ ಬಾಯಲ್ಲಿ ಗಟ್ಟಿ ಎಣ್ಣೆ ಇಳಿಯಲ್ಲ, ಅರ್ಧ ಸಿಟ್ಟು ಅದಕ್ಕೇ.

ಕೇರ್_ಡೆಸ್ಕ್:

ಮೇಲಿನವರು ಏನು ಹೇಳಬೇಕು ಅಂತ ಹೇಳಿದ್ದಾರೆ, ನಾನು ಎಲ್ಲಿ, ಯಾವಾಗ ಅನ್ನೋದನ್ನ ಹೇಳ್ತೀನಿ.

ಮೊದಲ ಉತ್ತರ ಆ ಕಾಮೆಂಟಿನ ಕೆಳಗೇ ಇರಲಿ, ಎಲ್ಲರಿಗೂ ಕಾಣೋ ಹಾಗೆ. ಕೆಲಸದ ವೇಳೆಯಲ್ಲಿ ಒಂದೆರಡು ಗಂಟೆಯೊಳಗೆ, ರಾತ್ರಿ ಬಂದದ್ದಕ್ಕೆ ಬೆಳಿಗ್ಗೆ. ಅದರಲ್ಲಿ ಮೂರು ವಿಷಯ ಸಾಕು: ಏನಾಗಿದೆ ಅಂತ ಅರ್ಥವಾಗಿದೆ ಅನ್ನೋದು, ಏನು ಮಾಡ್ತೀರಿ, ಯಾವಾಗ. ಮಾದರಿಗೆ: ‘ಬಾಟಲಿ ಸೋರಿದ್ದು ನಮ್ಮ ಸೀಲ್ ಸರಿಯಿಲ್ಲದೆ. ಬೇರೆ ಬಾಟಲಿ ನಾಳೆ ಕಳಿಸ್ತೀವಿ, ಬೇಡವಾದರೆ ಹಣ ವಾಪಸ್. ಆರ್ಡರ್ ನಂಬರ್ ಮಾತ್ರ ಇನ್‌ಬಾಕ್ಸಿಗೆ ಹಾಕಿ.’ ಫೋನ್ ನಂಬರ್, ವಿಳಾಸ, ಆರ್ಡರ್ ವಿವರ ಯಾವುದನ್ನೂ ಕಾಮೆಂಟಿನಲ್ಲಿ ಕೇಳಬೇಡಿ.

ಹಾಗೆ ಕೇಳಿದರೆ ಆಗೋದು ಇಷ್ಟು: ದೂರಿನ ಕಾಮೆಂಟ್ ಹುಡುಕುತ್ತಾ ಕೂತ ವಂಚಕರಿದ್ದಾರೆ. ನಿಮ್ಮದೇ ಲೋಗೊ ಹಾಕಿದ ನಕಲಿ ‘ಕಸ್ಟಮರ್ ಕೇರ್’ ಖಾತೆಯಿಂದ ಆ ಗಿರಾಕಿಗೆ ಮೆಸೇಜ್ ಹೋಗುತ್ತೆ, ರೀಫಂಡ್ ಅಂತ ಹೇಳಿ ಯುಪಿಐ ಲಿಂಕ್ ಕಳಿಸಿ ಪಿನ್ ಹಾಕಿಸಿಕೊಳ್ತಾರೆ. ಹಣ ಪಡೆಯೋಕೆ ಪಿನ್ ಬೇಕಾಗಲ್ಲ ಅನ್ನೋದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಯೋದಲ್ಲಿ ಈಗಲೇ ಬರೆಯಿರಿ: ‘ರೀಫಂಡಿಗೆ ನಾವು ಲಿಂಕ್, ಒಟಿಪಿ, ಪಿನ್ ಕೇಳಲ್ಲ.’ ಯಾರಾದರೂ ಸಿಕ್ಕಿಬಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅನ್ನಿ.

ಸಮಸ್ಯೆ ಬಗೆಹರಿದ ಮೇಲೆ ಅದೇ ಕಾಮೆಂಟಿಗೆ ವಾಪಸ್ ಬಂದು ‘ಹೊಸ ಬಾಟಲಿ ತಲುಪಿದೆ, ಸೀಲ್ ಬದಲಿಸಿದ್ದೀವಿ’ ಅಂತ ಹಾಕಿ. ಇದನ್ನ ಮಾಡೋರು ಕಡಿಮೆ. ಹಾಗಾಗಿ ಓದೋರಿಗೆ ಕಾಣೋದು ‘ಇನ್‌ಬಾಕ್ಸಿಗೆ ಬನ್ನಿ’ ಅನ್ನೋ ಸಾಲುಗಳಷ್ಟೇ, ಒಳಗೆ ಏನಾಯ್ತೋ ಯಾರಿಗೂ ಗೊತ್ತಿಲ್ಲ.

ಡಿಲೀಟ್ ಮಾಡಬಹುದಾದದ್ದು ಬೈಗುಳ, ಬೆದರಿಕೆ, ಇನ್ನೊಬ್ಬರ ಖಾಸಗಿ ವಿವರ, ಸ್ಪ್ಯಾಮ್. ದೂರು ಅಳಿಸಿದರೆ ಅದರ ಸ್ಕ್ರೀನ್‌ಶಾಟ್ ಆಗಲೇ ಬೇರೆಲ್ಲೋ ಇರುತ್ತೆ. 2023ರ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದ ಸಕ್ಕರೆ ಬಗ್ಗೆ ಇನ್‌ಫ್ಲುಯೆನ್ಸರ್ ರೇವಂತ್ ಹಿಮತ್‌ಸಿಂಗ್ಕಾ ಹಾಕಿದ ವಿಡಿಯೊ ನೆನಪಿರಬಹುದು. ಲೀಗಲ್ ನೋಟಿಸ್ ಬಂತು, ಅವರು ವಿಡಿಯೊ ತೆಗೆದರು, ಆದರೆ ಅಷ್ಟರಲ್ಲಿ ಅದು ಊರೆಲ್ಲ ಸುತ್ತಿತ್ತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಕಂಪನಿಗೆ ನೋಟಿಸ್ ಕೊಟ್ಟಿತು. ಅದೇ ವರ್ಷದ ಕೊನೆಗೆ ಸೇರಿಸಿದ ಸಕ್ಕರೆ ಶೇ. 14ರ ಆಸುಪಾಸು ಇಳಿಯಿತು. ವಕೀಲರ ಪತ್ರದಿಂದ ಕಂಪನಿಗೆ ಸಿಕ್ಕಿದ್ದು ಇನ್ನಷ್ಟು ನೋಡುಗರು ಮಾತ್ರ.

ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟಿಗೆ ಮೂರು ಕಾಮೆಂಟ್ ಪಿನ್ ಮಾಡಬಹುದು, ಅಂದರೆ ಎಲ್ಲಕ್ಕಿಂತ ಮೇಲೆ ನಿಲ್ಲಿಸಬಹುದು. ನಿಮಗೆ ಸರಿಯಾಗಿ ಮೂರೇ ದೂರು ಇವೆ! ಒಂದೊಂದಕ್ಕೆ ನೀವೇ ಒಂದು ವಿವರಣೆ ಬರೆದು ಪಿನ್ ಮಾಡಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ (ಮೊದಲೇ ಬರೆದಿಟ್ಟ ಉತ್ತರ) ಇಟ್ಟುಕೊಳ್ಳಿ, ಆದರೆ ಮೊದಲ ಸಾಲಿನಲ್ಲಿ ಗಿರಾಕಿಯ ಹೆಸರು, ಅವರು ಹೇಳಿದ ತೊಂದರೆ ಇರಲಿ. ಅದನ್ನ ಕೈಯಲ್ಲೇ ಟೈಪ್ ಮಾಡಿ.

ಗ್ರಾಹಕ_ಕಾನೂನು:

ಕಾನೂನಿನ ಕಡೆಯಿಂದ ಕೆಲವು ಮಾತು.

ನಿಮ್ಮದೇ ವೆಬ್‌ಸೈಟ್‌ನಲ್ಲಿ ಮಾರಾಟ ಇದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಅಧಿಕಾರಿಯ ಹೆಸರು, ಸಂಪರ್ಕ ವಿವರ ಅಲ್ಲಿ ಕಾಣಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಿರಾಕಿಯ ವೇಷದಲ್ಲಿ ನಾವೇ ರಿವ್ಯೂ ಬರೆದುಕೊಳ್ಳುವುದಕ್ಕೂ ಆ ನಿಯಮಗಳಲ್ಲಿ ನಿಷೇಧವಿದೆ. ಅಣ್ಣ, ಅತ್ತಿಗೆ, ಏಜೆನ್ಸಿಯವರು ಐದು ಸ್ಟಾರ್ ಹಾಕುವ ಪದ್ಧತಿ ಇದ್ದರೆ ಇವತ್ತೇ ಬಿಡಿ. ಒಂದೇ ವಾರದಲ್ಲಿ ಒಂದೇ ಧಾಟಿಯ ರಿವ್ಯೂಗಳು ಬಂದಿದ್ದರೆ ಓದುವವರಿಗೆ ತಿಳಿಯುತ್ತದೆ.

ಪುಕ್ಕಟೆ ಬಾಟಲಿ ಕೊಟ್ಟು ಯಾರಿಂದಲಾದರೂ ರೀಲ್ ಮಾಡಿಸಿದರೆ ಅದೂ ಜಾಹೀರಾತೇ. ಹಣ ಕೊಟ್ಟಿಲ್ಲ ಎಂಬ ವಾದ ನಡೆಯುವುದಿಲ್ಲ. ‘ಜಾಹೀರಾತು’ ಎಂದು ವಿಡಿಯೊದೊಳಗೇ ಕಾಣಬೇಕು, ಕೆಳಗಿನ ಹ್ಯಾಶ್‌ಟ್ಯಾಗ್ ಗುಂಪಿನಲ್ಲಿ ಅಡಗಬಾರದು. ವಿಡಿಯೊ ಕನ್ನಡದಲ್ಲಿದ್ದರೆ ಸೂಚನೆಯೂ ಕನ್ನಡದಲ್ಲೇ ಇರಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಇನ್ನು ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಎಂಬ ಮಾತುಗಳು. ಆಹಾರದ ಮೇಲೆ ಇವನ್ನು ಬಳಸಲು 2018ರ ಎಫ್‌ಎಸ್‌ಎಸ್‌ಎಐ ನಿಯಮಗಳಲ್ಲಿ ಷರತ್ತುಗಳಿವೆ. 2024ರ ಜೂನ್‌ನಲ್ಲಿ ಹಣ್ಣಿನ ರಸದ ಕಂಪನಿಗಳಿಗೆ ‘100% ಹಣ್ಣಿನ ರಸ’ ಎಂಬ ಬರಹ ತೆಗೆಯಲು ಇದೇ ಸಂಸ್ಥೆ ಸೂಚಿಸಿತು. ವಿಶೇಷಣಗಳ ಬದಲು ಕೊಬ್ಬರಿ ಎಲ್ಲಿಯದು, ಗಾಣಕ್ಕೆ ಹಾಕಿದ ದಿನಾಂಕ, ಬ್ಯಾಚ್ ನಂಬರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಹಾಕಿ. ಕೂದಲು ಬೆಳೆಯುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂಬ ರೀಲ್‌ಗಳಿದ್ದರೆ ಅವನ್ನು ಮೊದಲು ತೆಗೆಯಿರಿ.

ಹುಬ್ಬಳ್ಳಿ_ಶೇಂಗಾ:

ಎಲ್ಲಾರೂ ಕಾಮೆಂಟಿಗೆ ಉತ್ತರ ಕೊಡೂದು ಹೇಳಿದ್ರಿ, ಛಲೋ ಆತು. ಖರೆ ಒಂದು ಮಾತು ಬಿಟ್ಟೀರಿ. ರೀಲ್ಸ್ ಕೆಳಗ ಒದರಿದವ್ರಿಗೆ ಎರಡು ತಾಸಿನ್ಯಾಗ ಹೊಸಾ ಬಾಟ್ಲಿ, ಫೋನ್ ಮಾಡಿದವ್ರಿಗೆ ನಾಕು ದಿನಾ ಉತ್ತರ ಇಲ್ಲ ಅಂದ್ರ, ಒದರಿದ್ರನ ಕೆಲಸ ಆಗ್ತದ ಅಂತ ನೀವ ಗಿರಾಕಿಗೆ ಕಲಿಸಿದಂಗ. ಇವರ ಮೂರನೇ ದೂರು ಮತ್ತೊಮ್ಮೆ ಓದ್ರಿ: ‘ಫೋನ್ ಎತ್ತಲ್ಲ’. ಆ ಮನಷ್ಯಾ ಮೊದಲ ಫೋನ್ ಮಾಡ್ಯಾನ, ಆಮ್ಯಾಲೆ ಕಾಮೆಂಟ್ ಹಾಕ್ಯಾನ.

ದೊಡ್ಡ ಕಂಪನಿಗಳ ಹಣೆಬರಹಾನೂ ಇದ. 2024ರ ಅಕ್ಟೋಬರದಾಗ ಕಾಮಿಡಿಯನ್ ಕುನಾಲ್ ಕಾಮ್ರಾ, ಓಲಾದ ಮುಖ್ಯಸ್ಥ ಭವೀಶ್ ಅಗರ್ವಾಲ್ ಎಕ್ಸ್‌ನಾಗ ಜಗಳಾಡಿದ್ದು ಎಲ್ಲಾರೂ ನೋಡಿದ್ರು. ಆದ್ರ ಬೆಂಗಳೂರಿನ ಆ ಓಲಾ ಎಲೆಕ್ಟ್ರಿಕ್ ಕಂಪನಿಗೆ ಪ್ರಾಧಿಕಾರದ ನೋಟಿಸ್ ಬಂದದ್ದು ಟ್ವೀಟ್ ಎಣಿಸಿ ಅಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೊಳಗ ಒಂದು ವರ್ಷದಾಗ 10,644 ದೂರು ಕೂಡಿದ್ದುವು. ಅವು 1915 ನಂಬರಿನ ಆ ಸಹಾಯವಾಣಿಗೆ ಹೋದ, ಯಾರಿಗೂ ಕಾಣದ ದೂರುಗಳು.

ಅದಕ್ಕ ಒಂದ ವಹಿ ಇಡ್ರಿ, ಇಲ್ಲಾ ಗೂಗಲ್ ಶೀಟ್. ತಾರೀಖು, ಎಲ್ಲಿಂದ ಬಂತು (ಫೋನ್, ವಾಟ್ಸಾಪ್, ಕಾಮೆಂಟ್, ಗೂಗಲ್ ರಿವ್ಯೂ), ಬ್ಯಾಚ್ ನಂಬರ್, ಏನು ತೊಂದ್ರಿ, ಏನು ಕೊಟ್ರಿ, ಯಾವಾಗ ಮುಗೀತು. ಎಲ್ಲಿಂದ ಬಂದ್ರೂ ಒಂದ ಸಾಲು, ಒಂದ ಪರಿಹಾರ. ವಾರಕ್ಕೊಮ್ಮೆ ಬ್ಯಾಚ್ ಪ್ರಕಾರ ಎಣಿಸ್ರಿ. ಒಂದ ಬ್ಯಾಚಿನ ಮೂರ್ನಾಕು ಬಾಟ್ಲಿ ಸೋರ್ಯಾವಂದ್ರ ಸೀಲ್ ಹೋಗೇದ, ಆ ಬ್ಯಾಚ್ ತಗೊಂಡವ್ರಿಗೆಲ್ಲಾ ನೀವ ಮೊದಲ ಮೆಸೇಜ್ ಹಾಕ್ರಿ. ಬ್ಯಾರೆ ಬ್ಯಾರೆ ಬ್ಯಾಚಿನ್ಯಾಗ ಒಂದ ಊರಿಗೆ ಹೋದದ್ದು ಮಾತ್ರ ಸೋರಿದ್ರ ಕೊರಿಯರ್‌ದವ್ರನ್ನ ಹಿಡೀರಿ. ಗಟ್ಟಿ ಆಗೂದರ ಚೀಟಿ ಅಂತೂ ದೀಪಾವಳಿ ಮುಗಿದ ಕೂಡ್ಲೇ ಡಬ್ಬಿ ಒಳಗ ಹಾಕ್ರಿ, ಡಿಸೆಂಬರ್ ತನಕಾ ಕಾಯಬ್ಯಾಡ್ರಿ.

ಗಾಣದೆಣ್ಣೆ_ತಿಪಟೂರು:

ಎಲ್ಲರಿಗೂ ಧನ್ಯವಾದ. ಲೇಬಲ್ ಮುಂದಿನ ರೋಲ್‌ನಲ್ಲೇ ಬದಲಿಸ್ತೀವಿ. ಒಂದೇ ಅನುಮಾನ: ಸೋರಿದೆ ಅಂತ ಹೇಳಿದವರಿಗೆಲ್ಲ ಫೋಟೊ ಇಲ್ಲದೆ ಕಳಿಸಬೇಕಾ? ಅನ್‌ಬಾಕ್ಸಿಂಗ್ ವಿಡಿಯೊ ಕಡ್ಡಾಯ ಅಂತ ಹಾಕಿಬಿಡೋಣ ಅಂತಾನೆ ತಮ್ಮ.

ಕೇರ್_ಡೆಸ್ಕ್:

ಅದು ಮೊಬೈಲ್ ಮಾರೋರ ಷರತ್ತು, ಎಣ್ಣೆಗೆ ಬೇಡ. ಡಬ್ಬಿಯ ಮೇಲಿನ ಕೊರಿಯರ್ ಚೀಟಿ, ಸೋರಿದ ಬಾಟಲಿ, ಎರಡೂ ಕಾಣೋ ಒಂದು ಫೋಟೊ ಸಾಕು. ಕೊರಿಯರ್ ಕಂಪನಿಯಲ್ಲಿ ಕ್ಲೇಮ್ ಹಾಕೋಕೂ ಅದೇ ಬೇಕು. ಅವರ ಗಡುವು ಎಷ್ಟು ದಿನ ಅಂತ ಒಪ್ಪಂದದಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಫೋಟೊ ಕೇಳುವಾಗ ಕಾರಣವನ್ನೂ ಹೇಳಿ: ‘ಕೊರಿಯರ್‌ನವರಿಗೆ ತೋರಿಸಬೇಕು, ನಿಮ್ಮ ಬಾಟಲಿ ಅದಕ್ಕೆ ಕಾಯಲ್ಲ.’ ಅದೇ ವಿಳಾಸದಿಂದ ಮತ್ತೆ ಮತ್ತೆ ದೂರು ಬಂದರೆ ಮಾತ್ರ ಫೋನ್ ಮಾಡಿ ವಿಚಾರಿಸಿ, ವಹಿಯಲ್ಲಿ ಅದು ತಾನಾಗೇ ಕಾಣುತ್ತೆ. ಸೋರಿದ ಬಾಟಲಿ ವಾಪಸ್ ಕಳಿಸಿ ಅಂತ ಕೇಳಬೇಡಿ, ಜಿಡ್ಡಾದ ಡಬ್ಬಿಯನ್ನ ಪಿಕಪ್‌ನವರು ಮುಟ್ಟಲ್ಲ.