ವಿಶ್ವ ಪ್ರಶಸ್ತಿಗಾಗಿ ಸೆಣಸುವ ಬಾಕ್ಸರ್‌ನ ಕೈಗೆ ಇಷ್ಟು ಕಡಿಮೆ ಹಣ ಏಕೆ ಉಳಿಯುತ್ತದೆ?

ಹನ್ನೆರಡನೇ ಸುತ್ತು (ಪ್ರಶ್ನೆ):

ಬಾಕ್ಸಿಂಗ್‌ನ ಒಳಹೊರಗು ಬಲ್ಲವರಲ್ಲಿ ನನ್ನದೊಂದು ಪ್ರಶ್ನೆಯಿದೆ. 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ಸೆಣಸಿದಾಗ ಪೇ-ಪರ್-ವ್ಯೂ (ಒಂದು ಪಂದ್ಯಕ್ಕೆಂದು ಹಣ ತೆತ್ತು ಮನೆಯಲ್ಲೇ ನೋಡುವ ಪ್ರಸಾರ) ಖರೀದಿ 46 ಲಕ್ಷ ದಾಟಿತು, ಟಿಕೆಟ್ ಮಾರಾಟವೊಂದರಿಂದಲೇ 7 ಕೋಟಿ ಡಾಲರ್‌ಗೂ ಹೆಚ್ಚು ಬಂತು, ಮೇವೆದರ್ ಒಬ್ಬರೇ 20 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿದರು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅದೇ ಕಾಲದಲ್ಲಿ ತಾಯ್ಲೆಂಡಿನ ವಾನ್ಹೆಂಗ್ ಮೆನಯೋತಿನ್ ಎಂಬ ಬಾಕ್ಸರ್ 2014ರಿಂದ 2020ರವರೆಗೆ ಡಬ್ಲ್ಯುಬಿಸಿ ಎಂಬ ಬಾಕ್ಸಿಂಗ್ ಸಂಸ್ಥೆಯ ಮಿನಿಮಮ್‌ವೇಟ್ (ಅತಿ ಕಡಿಮೆ ತೂಕದ ವರ್ಗ) ವಿಶ್ವ ಪ್ರಶಸ್ತಿಯನ್ನು ಉಳಿಸಿಕೊಂಡಿದ್ದರು. 2018ರಲ್ಲಿ ಅವರು ಮೇವೆದರ್ ಅವರ ಸೋಲಿಲ್ಲದ 50 ಗೆಲುವುಗಳ ದಾಖಲೆಯನ್ನು ದಾಟಿ, ಮುಂದೆ 54ರವರೆಗೆ ಹೋದರು. ಈ ಆಟವನ್ನು ವರ್ಷಗಟ್ಟಲೆ ನೋಡುತ್ತ ಬಂದವರಲ್ಲಿಯೂ ಅನೇಕರಿಗೆ ಅವರ ಹೆಸರು ಪರಿಚಯವಿಲ್ಲ. ಮೇವೆದರ್ ಒಂದು ರಾತ್ರಿಯಲ್ಲಿ ಪಡೆದುದರ ನೂರನೇ ಒಂದು ಪಾಲನ್ನಾದರೂ ಅವರು ತಮ್ಮ ಇಡೀ ಬದುಕಿನಲ್ಲಿ ರಿಂಗ್‌ನಿಂದ ಪಡೆದಿರಬಹುದೆಂದು ನನಗೆ ಅನ್ನಿಸುವುದಿಲ್ಲ.

ಇಬ್ಬರೂ ವಿಶ್ವ ಚಾಂಪಿಯನ್ನರೇ, ಇಬ್ಬರೂ ಹನ್ನೆರಡು ಸುತ್ತು ಹೊಡೆತ ತಿಂದವರೇ. ಹಾಗಿದ್ದೂ ವಿಶ್ವ ಪ್ರಶಸ್ತಿಯ ಪಂದ್ಯವಾಡಿದ ಮೇಲೂ ಹೊಟ್ಟೆಪಾಡಿಗಾಗಿ ಬೇರೆ ಕೆಲಸ ಹಿಡಿಯಬೇಕಾದ ಬಾಕ್ಸರ್‌ಗಳು ಏಕಿದ್ದಾರೆ? ಚಾಂಪಿಯನ್ನರಿಗೆ ಕೊಡುವ ಬೆಲ್ಟ್‌ಗೆ ತನ್ನದೇ ಆದ ಬೆಲೆ ಇಲ್ಲವೇ?

ಲೆಕ್ಕದ ಪುಟ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೆಲ್ಟ್ ಕೊಡುವ ಸಂಸ್ಥೆ ಬಾಕ್ಸರ್‌ಗೆ ಹಣ ಕೊಡುವುದಿಲ್ಲ, ಬಾಕ್ಸರ್‌ನೇ ಆ ಸಂಸ್ಥೆಗೆ ಹಣ ಕಟ್ಟುತ್ತಾನೆ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್ ಮತ್ತು ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳೂ ಪ್ರಶಸ್ತಿಯ ಪಂದ್ಯಕ್ಕೆ ಮಾನ್ಯತಾ ಶುಲ್ಕ ವಿಧಿಸುತ್ತವೆ. ಅದು ಸಾಮಾನ್ಯವಾಗಿ ಸಂಭಾವನೆಯ ಶೇ 3ರಷ್ಟಿರುತ್ತದೆ. ಇನ್ನೊಂದು ಕ್ರೀಡೆಯಲ್ಲಿ ಕಪ್ ಗೆದ್ದವರಿಗೆ ಕಪ್ಪಿನೊಂದಿಗೆ ಬಹುಮಾನದ ಮೊತ್ತವೂ ಬರುತ್ತದೆ, ಇಲ್ಲಿ ಕಪ್ಪಿಗಾಗಿ ಆಡಿದ್ದಕ್ಕೆ ಆಟಗಾರನೇ ತೆರಬೇಕು.

ಸಂಭಾವನೆಯನ್ನು ಈ ವೃತ್ತಿಯಲ್ಲಿ ‘ಪರ್ಸ್’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಬರುವುದು ಪರ್ಸ್‌ನ ಮೊತ್ತ, ಬಾಕ್ಸರ್ ಮನೆಗೆ ಒಯ್ಯುವ ಮೊತ್ತ ಬೇರೆಯೇ. ಕೆಳಗಿನ ತೂಕ ವರ್ಗದ ಸವಾಲುಗಾರನೊಬ್ಬನಿಗೆ 20,000 ಡಾಲರ್ ಪರ್ಸ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮ್ಯಾನೇಜರ್‌ಗೆ ಮೂರನೇ ಒಂದು ಭಾಗದವರೆಗೆ ಪಾಲು ಪಡೆಯಲು ಅಮೆರಿಕದ ನೆವಾಡದಂಥ ರಾಜ್ಯದ ನಿಯಮಗಳೇ ಅವಕಾಶ ಕೊಡುತ್ತವೆ. ಅಷ್ಟನ್ನೂ ತೆಗೆದುಕೊಂಡರೆ 6,667 ಡಾಲರ್ ಹೋಯಿತು. ತರಬೇತುದಾರನ ಪಾಲು ವಾಡಿಕೆಯಂತೆ ಶೇ 10, ಅದು 2,000. ಮಾನ್ಯತಾ ಶುಲ್ಕ 600. ಉಳಿದದ್ದು 10,733. ಬಾಕ್ಸರ್ ವಿದೇಶಿಯಾಗಿದ್ದು ಪಂದ್ಯ ಅಮೆರಿಕದಲ್ಲಿ ನಡೆದಿದ್ದರೆ ಒಟ್ಟು ಮೊತ್ತದ ಮೇಲೆ ಸಾಮಾನ್ಯವಾಗಿ ಶೇ 30ರಷ್ಟು ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತಾರೆ, ಅಂದರೆ ಇನ್ನೂ 6,000 ಡಾಲರ್. ಉಳಿಯುವ 4,733 ಡಾಲರ್‌ನಲ್ಲಿ ಎರಡು ಮೂರು ತಿಂಗಳ ತರಬೇತಿ ಶಿಬಿರದ ಊಟ, ವಸತಿ, ಸ್ಪಾರಿಂಗ್ (ಅಭ್ಯಾಸದ ಕಾದಾಟ) ಜೊತೆಗಾರರ ಕೂಲಿ, ವೈದ್ಯಕೀಯ ತಪಾಸಣೆಗಳ ವೆಚ್ಚ ಎಲ್ಲವೂ ಹೊರಡಬೇಕು. ಇಂಥ ಪಂದ್ಯ ವರ್ಷಕ್ಕೆ ಎರಡು ಸಿಕ್ಕರೆ ಹೆಚ್ಚು.

ಮೂಲೆಯ ಸ್ಟೂಲು:

ಮೇಲಿನವರ ಲೆಕ್ಕದಲ್ಲಿ ನಾನು ತಪ್ಪು ಕಾಣಲಿಲ್ಲ. ಆದರೆ ಆ ಲೆಕ್ಕ ಒಬ್ಬ ಮನುಷ್ಯನ ಮುಂದೆ ಬಂದು ನಿಲ್ಲುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದನ್ನು ಇಲ್ಲಿ ಹೇಳಬೇಕೆನಿಸಿತು. ಕೆಲವು ವರ್ಷ ನಾನು ರಿಂಗ್‌ನ ಮೂಲೆಯಲ್ಲಿ ಸಹಾಯಕನಾಗಿದ್ದೆ; ಬಕೆಟ್ ಹಿಡಿಯುವುದು, ಸ್ಟೂಲು ಇಡುವುದು, ನೀರು ಕುಡಿಸುವುದು ನನ್ನ ಕೆಲಸವಾಗಿತ್ತು. ಒಮ್ಮೆ ವಿಶ್ವ ಪ್ರಶಸ್ತಿಯ ಸವಾಲುಗಾರನೊಬ್ಬನ ಜೊತೆ ದೂರದ ದೇಶಕ್ಕೆ ಹೋಗಿದ್ದೆವು. ಹೆಸರುಗಳು ಬೇಡ. ಒಪ್ಪಂದದಲ್ಲಿ ಪ್ರೊಮೋಟರ್, ಅಂದರೆ ಪಂದ್ಯ ಏರ್ಪಡಿಸುವವರು, ಕೊಡಬೇಕಿದ್ದದ್ದು ಎರಡು ವಿಮಾನ ಟಿಕೆಟ್ ಮಾತ್ರ; ಒಂದು ಬಾಕ್ಸರ್‌ಗೆ, ಇನ್ನೊಂದು ತರಬೇತುದಾರರಿಗೆ. ನನ್ನ ಟಿಕೆಟ್ಟನ್ನು ಅವನೇ ಕೊಂಡಿದ್ದ. ಅದನ್ನು ಕೊಳ್ಳಲು ಸಾಲ ಮಾಡಿದ್ದನೆಂದು ನನಗೆ ಗೊತ್ತಾದದ್ದು ಹಿಂತಿರುಗುವ ದಾರಿಯಲ್ಲಿ.

ಪಂದ್ಯಕ್ಕೆ ಮುಂಚೆ ಕೈಗೆ ಪಟ್ಟಿ ಸುತ್ತುವಾಗ ಎದುರಾಳಿಯ ಕಡೆಯವನೊಬ್ಬ ಎದುರಿಗೆ ನಿಂತು ನೋಡುವ ಪದ್ಧತಿಯಿದೆ. ಬೆರಳುಗಳ ನಡುವೆ ಗಾಜ್ ಬಟ್ಟೆ ಹಾಯಿಸಿ, ಗೆಣ್ಣುಗಳ ಮೇಲೆ ಮೆತ್ತೆಯಿಟ್ಟು, ಟೇಪು ಹಚ್ಚಿ ಮುಗಿದ ಮೇಲೆ ಅಧಿಕಾರಿ ಅದರ ಮೇಲೆ ಸಹಿ ಹಾಕುತ್ತಾನೆ. ಮೋಸವಾಗದಂತೆ ಕಾಯಲು ಅಲ್ಲಿ ಅಷ್ಟೊಂದು ಕಣ್ಣುಗಳಿದ್ದವು. ಅದೇ ಬಾಕ್ಸರ್‌ನ ಒಪ್ಪಂದಪತ್ರವನ್ನು ಅವನ ಪರವಾಗಿ ಓದಿ ನೋಡಲು ಒಬ್ಬರೂ ಇರಲಿಲ್ಲ.

ಅವನು ಹನ್ನೆರಡು ಸುತ್ತನ್ನೂ ನಿಂತು ಆಡಿದ. ಎಂಟನೆಯ ಸುತ್ತಿನಲ್ಲಿ ಎಡಹುಬ್ಬು ಸೀಳಿತು. ಗಾಯ ನೋಡಿಕೊಳ್ಳುವವರನ್ನು ಅಲ್ಲಿಯೇ ಗೊತ್ತು ಮಾಡಿದ್ದೆವು. ಅವರು ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಯನ್ನು ಗಾಯಕ್ಕೆ ಒತ್ತಿ, ಮೇಲೆ ವ್ಯಾಸಲೀನ್ ಬಳಿದು, ಮಂಜಿನಲ್ಲಿಟ್ಟಿದ್ದ ಲೋಹದ ಬಿಲ್ಲೆಯನ್ನು ಬಾವಿನ ಮೇಲೆ ಹಿಡಿದರು. ಇರುವ ಒಂದು ನಿಮಿಷದಲ್ಲಿ ಅಷ್ಟನ್ನೂ ಮಾಡಿದರು. ಅವರಿಗೆ ಸಲ್ಲಬೇಕಾದ ಹಣವೂ ಇವನ ಪರ್ಸ್‌ನಿಂದಲೇ ಹೋಗಬೇಕಿತ್ತು. ತೀರ್ಪು ಎದುರಾಳಿಯ ಪರವಾಯಿತು. ಹೊಲಿಗೆ ಹಾಕಿಸಿಕೊಳ್ಳುತ್ತಿರುವಾಗಲೇ ಚೆಕ್ ಬಂತು, ಜೊತೆಗೆ ಕಡಿತಗಳ ಪಟ್ಟಿಯೂ ಬಂತು. ಅವನು ಒಂದೇ ಕಣ್ಣಿನಿಂದ ಅದನ್ನು ಓದಿ, ಸ್ಪಾರಿಂಗ್‌ಗೆ ಬಂದಿದ್ದ ಇಬ್ಬರು ಹುಡುಗರ ಬಾಕಿ ಎಷ್ಟಿದೆ ಎಂದು ನನ್ನನ್ನು ಕೇಳಿದ. ನಾನು ಹೇಳಿದೆ. ಮನಸ್ಸಿನಲ್ಲೇ ಕಳೆದು ನೋಡಿ, ಚೆಕ್ಕನ್ನು ನಾಲ್ಕಾಗಿ ಮಡಚಿ ಬೂಟಿನೊಳಗೆ ಇಟ್ಟುಕೊಂಡ. ಹುಬ್ಬು ಮಾಯುವವರೆಗೆ ಆರು ತಿಂಗಳು ಅವನಿಗೆ ಬೇರೆ ಪಂದ್ಯ ಸಿಗಲಿಲ್ಲ, ಆ ಆರು ತಿಂಗಳಿಗೆ ಯಾರೂ ಸಂಬಳ ಕೊಡಲಿಲ್ಲ.

ಎಡಗೈ ಹೊಡೆತ:

ಮೇಲಿನ ಅನುಭವ ಓದಿ ಮನಸ್ಸು ಭಾರವಾಯಿತು. ಆದರೂ ಕಡಿತಗಳನ್ನಷ್ಟೇ ದೂರಿದರೆ ಅರ್ಧ ಕಾರಣವನ್ನು ಬಿಟ್ಟಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪರ್ಸ್ ಮೊದಲೇ ಏಕೆ ಸಣ್ಣದಾಗಿರುತ್ತದೆ ಎಂದು ಕೇಳಬೇಕು. ಹಣ ಬರುವುದು ಪ್ರಸಾರದಿಂದ ಮತ್ತು ಟಿಕೆಟ್‌ನಿಂದ, ಅವೆರಡೂ ಬರುವುದು ಪ್ರೇಕ್ಷಕರನ್ನು ಹಿಡಿದು ತರುವ ಬಾಕ್ಸರ್‌ನ ಹೆಸರಿಗೆ. ನಾಲ್ಕು ಸಂಸ್ಥೆಗಳು, ಹದಿನೇಳು ತೂಕ ವರ್ಗಗಳು. ಒಂದೊಂದು ವರ್ಗಕ್ಕೆ ನಾಲ್ವರು ಚಾಂಪಿಯನ್ನರಾದರೆ ಒಟ್ಟು 68 ಬೆಲ್ಟ್‌ಗಳಾದವು. ಕೆಲವೊಮ್ಮೆ ಇವುಗಳ ಜೊತೆಗೆ ಮಧ್ಯಂತರ ಚಾಂಪಿಯನ್ನರೂ ಸೇರುತ್ತಾರೆ. ಇಷ್ಟೊಂದು ಮಂದಿ ‘ವಿಶ್ವ ಚಾಂಪಿಯನ್’ ಎನಿಸಿಕೊಂಡಾಗ ಆ ಎರಡು ಪದಗಳಿಗೆ ಟಿಕೆಟ್ ಮಾರುವ ಶಕ್ತಿ ಉಳಿಯುವುದಿಲ್ಲ.

ತೂಕ ಕಡಿಮೆಯಿದ್ದರೆ ಹಣವೂ ಕಡಿಮೆ ಎಂಬುದು ವಿಧಿಬರಹವೇನಲ್ಲ. 1993ರ ಮಾರ್ಚ್‌ನಲ್ಲಿ ಮೈಕೆಲ್ ಕಾರ್ಬಹಾಲ್ ಎರಡು ಬಾರಿ ನೆಲಕ್ಕೆ ಬಿದ್ದರೂ ಎದ್ದು, ಏಳನೆಯ ಸುತ್ತಿನಲ್ಲಿ ಉಂಬೆರ್ತೊ ಗೊನ್ಸಾಲೆಸ್ ಅವರನ್ನು ಕೆಡವಿದರು. ಮರುವರ್ಷದ ಮರುಪಂದ್ಯಕ್ಕೆ ಕಾರ್ಬಹಾಲ್‌ಗೆ 10 ಲಕ್ಷ ಡಾಲರ್ ಸಿಕ್ಕಿತು, 49 ಕೆ.ಜಿ.ಯ ಬಾಕ್ಸರ್ ಒಬ್ಬರು ಅಷ್ಟು ಮೊತ್ತ ಪಡೆದದ್ದು ಅದೇ ಮೊದಲು. ಜನ ನೋಡಲು ಬಯಸಿದ್ದರು, ಆದ್ದರಿಂದ ಹಣ ಬಂತು. ಇಂದಿಗೂ ಸಣ್ಣ ತೂಕದ ಚಾಂಪಿಯನ್ನರು ಜಪಾನಿಗೆ ಹೋಗಿ ಆಡಲು ಹಾತೊರೆಯುವುದು ಅಲ್ಲಿ ಆ ವರ್ಗಗಳಿಗೆ ಪ್ರೇಕ್ಷಕರೂ ಪ್ರಸಾರವೂ ಇರುವುದರಿಂದ.

ಇದರ ವಿರುದ್ಧ ದಿಕ್ಕಿನ ಉದಾಹರಣೆ ದಕ್ಷಿಣ ಆಫ್ರಿಕಾದ ಮೊರುಟಿ ಮ್ತಲಾನೆ. ಅವರು 2009ರಲ್ಲಿ ಐಬಿಎಫ್‌ನ ಫ್ಲೈವೇಟ್ ಎಂಬ ಸಣ್ಣ ತೂಕ ವರ್ಗದ ಪ್ರಶಸ್ತಿ ಗೆದ್ದು, ಮುಂದೆ ತಾವೂ ವಿಶ್ವ ಚಾಂಪಿಯನ್ನರಾದ ಜೊಲಾನಿ ಟೆಟೆ ಮತ್ತು ಜಾನ್ರಿಯಲ್ ಕಸಿಮೆರೊ ಇಬ್ಬರನ್ನೂ ಸೋಲಿಸಿದ್ದರು. ಅಂಥವರು ಕೊನೆಗೆ, ಸಂಸ್ಥೆ ಗೊತ್ತುಮಾಡಿದ ಸವಾಲುಗಾರನೊಡನೆ ಆಡಲೇಬೇಕಾದ ಕಡ್ಡಾಯ ಪಂದ್ಯಕ್ಕೆ ಸಿಗಲಿದ್ದ ಹಣ ತೀರ ಕಡಿಮೆಯೆಂದು ಬೆಲ್ಟನ್ನೇ ಬಿಟ್ಟುಕೊಟ್ಟರು. ಅದೇ ಬೆಲ್ಟನ್ನು ಮತ್ತೆ ಗೆದ್ದದ್ದು 2018ರ ಜುಲೈನಲ್ಲಿ, ಕ್ವಾಲಾಲಂಪುರದಲ್ಲಿ. ಒಬ್ಬ ಬಾಕ್ಸರ್‌ನ ಒಳ್ಳೆಯ ವಯಸ್ಸಿನಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಕಳೆದುಹೋಯಿತು. ನನಗೆ ಇದು ಈ ಕ್ರೀಡೆಯ ಅತ್ಯಂತ ನೋವಿನ ಸಂಗತಿಗಳಲ್ಲಿ ಒಂದು.

ಕಡ್ಡಾಯ ಪಂದ್ಯದ ಹಣ ತೀರ್ಮಾನವಾಗುವ ಬಗೆಯನ್ನೂ ಹೇಳಿಬಿಡುತ್ತೇನೆ. ಎರಡು ಕಡೆಯವರು ಒಪ್ಪಂದಕ್ಕೆ ಬರದಿದ್ದರೆ ಸಂಸ್ಥೆ ಹರಾಜು ಕರೆಯುತ್ತದೆ, ಅದಕ್ಕೆ ‘ಪರ್ಸ್ ಬಿಡ್’ ಎಂದು ಹೆಸರು. ಹೆಚ್ಚು ಮೊತ್ತ ಕೂಗಿದ ಪ್ರೊಮೋಟರ್‌ಗೆ ಪಂದ್ಯ ಹೋಗುತ್ತದೆ, ಆ ಮೊತ್ತವನ್ನು ಇಬ್ಬರು ಬಾಕ್ಸರ್‌ಗಳ ನಡುವೆ ಹಂಚುತ್ತಾರೆ. 2022ರಲ್ಲಿ ಹೆವಿವೇಟ್ ವರ್ಗದ ಟೈಸನ್ ಫ್ಯೂರಿ ಮತ್ತು ಡಿಲಿಯನ್ ವೈಟ್ ಪಂದ್ಯಕ್ಕೆ ಗೆದ್ದ ಬಿಡ್ 4 ಕೋಟಿ 10 ಲಕ್ಷ ಡಾಲರ್ ಮೀರಿತ್ತು; ಶೇ 10ನ್ನು ಗೆದ್ದವರಿಗೆಂದು ಎತ್ತಿಟ್ಟು, ಉಳಿದದ್ದನ್ನು 80-20ರಂತೆ ಹಂಚಿದಾಗ ಸೋತ ವೈಟ್‌ಗೂ 73 ಲಕ್ಷ ಡಾಲರ್‌ಗಿಂತ ಹೆಚ್ಚು ಬಂತು. ಸಣ್ಣ ತೂಕದ ಪಂದ್ಯಕ್ಕೆ ಹಲವೊಮ್ಮೆ ಹೀಗೆ ಕೂಗುವವರು ಒಬ್ಬರೇ ಇರುತ್ತಾರೆ, ಕನಿಷ್ಠ ಮೊತ್ತಕ್ಕೇ ಹರಾಜು ಮುಗಿಯುತ್ತದೆ. ಕೂಗಿದ ಮೊತ್ತ ಕೈಸೇರುತ್ತದೆಂಬ ಖಾತ್ರಿಯೂ ಇಲ್ಲ. 2021ರಲ್ಲಿ ಟಿಯೊಫಿಮೊ ಲೋಪೆಸ್ ಮತ್ತು ಜಾರ್ಜ್ ಕಂಬೋಸೊಸ್ ಪಂದ್ಯಕ್ಕೆ 60 ಲಕ್ಷ ಡಾಲರ್‌ಗೂ ಹೆಚ್ಚು ಕೂಗಿದವರು ಕೊನೆಗೆ ಪಂದ್ಯ ನಡೆಸಲಿಲ್ಲ, ಅದು ಸುಮಾರು 35 ಲಕ್ಷ ಕೂಗಿದ್ದ ಎರಡನೆಯವರಿಗೆ ಹೋಯಿತು. ಇಬ್ಬರಿಗೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎರಡು ನಿಮಿಷ:

ಈ ಚರ್ಚೆಯಲ್ಲಿ ಮಹಿಳಾ ಬಾಕ್ಸರ್‌ಗಳ ಮಾತು ಬಾರದಿದ್ದದ್ದು ನನಗೆ ಬೇಸರ ತಂದಿತು. ಅಮಾಂಡಾ ಸೆರಾನೊ 2019ರ ಜನವರಿಯ ಹೊತ್ತಿಗೆ ಏಳು ತೂಕ ವರ್ಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದಿದ್ದರು. ಪುರುಷರಲ್ಲಿ ಏಳು ವರ್ಗ ಗೆದ್ದವರು ಬಹುಕೋಟ್ಯಧೀಶರಾಗಿರುತ್ತಿದ್ದರು. ಸೆರಾನೊ ಅವರಿಗೆ 10 ಲಕ್ಷ ಡಾಲರ್‌ನ ಪಂದ್ಯ ಸಿಕ್ಕಿದ್ದು 2022ರ ಏಪ್ರಿಲ್ 30ರಂದು, ಕೇಟಿ ಟೇಲರ್ ಅವರೊಡನೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಖ್ಯ ಪಂದ್ಯ ಆಡಿದಾಗ. ಆ ಸಭಾಂಗಣದಲ್ಲಿ ಇಬ್ಬರು ಮಹಿಳೆಯರು ಮುಖ್ಯ ಬಾಕ್ಸಿಂಗ್ ಪಂದ್ಯ ಆಡಿದ್ದೇ ಅಂದು ಮೊದಲ ಬಾರಿ.

ಮಹಿಳೆಯರ ಪ್ರಶಸ್ತಿಯ ಪಂದ್ಯಗಳು ಸಾಮಾನ್ಯವಾಗಿ ಎರಡು ನಿಮಿಷದ ಹತ್ತು ಸುತ್ತುಗಳು. ಕಡಿಮೆ ಆಡುತ್ತಾರೆ, ಆದ್ದರಿಂದ ಕಡಿಮೆ ಹಣ ಎಂಬ ವಾದವನ್ನು ಬಹಳ ಕಾಲದಿಂದ ಕೇಳುತ್ತಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ಸೆರಾನೊ ಪುರುಷರಂತೆ ಮೂರು ನಿಮಿಷದ ಹನ್ನೆರಡು ಸುತ್ತು ಆಡಿ ಗೆದ್ದರು. ಅದನ್ನು ಒಪ್ಪದ ಡಬ್ಲ್ಯುಬಿಸಿಯ ಬೆಲ್ಟನ್ನು ಅನಂತರ ಅವರೇ ಬಿಟ್ಟುಕೊಟ್ಟರು. ಹೆಚ್ಚು ಹೊತ್ತು ಆಡಲು ಸಿದ್ಧರಿರುವವರನ್ನು ತಡೆದು, ಕಡಿಮೆ ಹೊತ್ತು ಆಡಿದಿರೆಂದು ಹಣ ಕಡಿಮೆ ಮಾಡುವುದು ನ್ಯಾಯವಲ್ಲ.

ಹನ್ನೆರಡನೇ ಸುತ್ತು:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ‘ಮೂಲೆಯ ಸ್ಟೂಲು’ ಅವರು ಹೇಳಿದ, ಒಪ್ಪಂದ ಓದಲು ಯಾರೂ ಇರಲಿಲ್ಲವೆಂಬ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಇದಕ್ಕೆ ಕಾನೂನಿನ ರಕ್ಷಣೆ ಎಲ್ಲಿಯಾದರೂ ಇದೆಯೇ?

ಲೆಕ್ಕದ ಪುಟ:

ಅಮೆರಿಕದಲ್ಲಿ ಇದೆ. ಮಹಮ್ಮದ್ ಅಲಿಯವರ ಹೆಸರಿನ ಬಾಕ್ಸಿಂಗ್ ಸುಧಾರಣಾ ಕಾಯ್ದೆ 2000ದಲ್ಲಿ ಜಾರಿಗೆ ಬಂತು. ಪಂದ್ಯದಿಂದ ತನಗೆ ಎಷ್ಟು ಹಣ ಬರಲಿದೆಯೆಂದು ಪ್ರೊಮೋಟರ್ ಬಾಕ್ಸರ್‌ಗೆ ತಿಳಿಸಬೇಕು. ದೊಡ್ಡ ಪಂದ್ಯಗಳಲ್ಲಿ ಒಬ್ಬನೇ ಪ್ರೊಮೋಟರ್ ಹಾಗೂ ಮ್ಯಾನೇಜರ್ ಎರಡೂ ಆಗಿರಕೂಡದು. ಉಲ್ಲಂಘನೆಯಾದರೆ ಬಾಕ್ಸರ್ ಪರಿಹಾರಕ್ಕಾಗಿ ದಾವೆ ಹೂಡಬಹುದು. ಕಾಯ್ದೆಗೆ ಅಲಿಯವರ ಹೆಸರಿರುವುದು ಸುಮ್ಮನೆ ಅಲ್ಲ. 1980ರಲ್ಲಿ ಲ್ಯಾರಿ ಹೋಮ್ಸ್ ವಿರುದ್ಧದ ಪಂದ್ಯಕ್ಕೆ ಅವರಿಗೆ 80 ಲಕ್ಷ ಡಾಲರ್ ಎಂದು ಮಾತಾಗಿತ್ತು, ಸುಮಾರು 11.7 ಲಕ್ಷ ಕಡಿಮೆ ಬಂತು. ದಾವೆ ಹೂಡಿದ ಅವರು ಕೊನೆಗೆ 50,000 ಡಾಲರ್ ತೆಗೆದುಕೊಂಡು ಅದನ್ನು ಕೈಬಿಟ್ಟರು. ಜಗತ್ತಿಗೇ ಗೊತ್ತಿದ್ದವರ ಗತಿ ಇದಾದರೆ, ಪರದೇಶಕ್ಕೆ ಇಬ್ಬರನ್ನು ಜೊತೆಗೆ ಕಟ್ಟಿಕೊಂಡು ಹೋದ ಸವಾಲುಗಾರನ ಪಾಡು ಊಹಿಸಬಹುದು. ಆ ಕಾಯ್ದೆ ಅಮೆರಿಕದ ಹೊರಗೆ ನಡೆಯುವ ಪಂದ್ಯಗಳಲ್ಲಿ ಅವನ ನೆರವಿಗೆ ಬರುವುದೂ ಇಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯಂಥ ಲೀಗ್‌ನಲ್ಲಿ ಆಟಗಾರರ ಸಂಘವಿದೆ, ಆದಾಯದ ಅರ್ಧದಷ್ಟು ಪಾಲನ್ನು ಅದು ಒಟ್ಟಾಗಿ ಚೌಕಾಸಿ ಮಾಡಿ ಪಡೆಯುತ್ತದೆ. ಬಾಕ್ಸರ್‌ಗಳಿಗೆ ಒಂದೇ ಲೀಗ್ ಇಲ್ಲ, ಒಬ್ಬನೇ ಮಾಲೀಕನಿಲ್ಲ. ಆದ್ದರಿಂದ ಯಾರೊಡನೆ ಕುಳಿತು ಮಾತಾಡಬೇಕೆಂಬುದೇ ತೊಡಕು. ಒಂದು ಪಂದ್ಯವನ್ನು ಇವನು ಬೇಡವೆಂದರೆ ಅದೇ ಹಣಕ್ಕೆ ಒಪ್ಪುವ ಮತ್ತೊಬ್ಬನಿಗೆ ಅಂದೇ ಕರೆ ಹೋಗುತ್ತದೆ.

ಒಂದು ಒಳ್ಳೆಯ ಏರ್ಪಾಡು ಕ್ಯಾಲಿಫೋರ್ನಿಯದಲ್ಲಿದೆ. ಆ ರಾಜ್ಯ 1982ರಿಂದ ಬಾಕ್ಸರ್‌ಗಳ ಪಿಂಚಣಿ ನಿಧಿ ನಡೆಸುತ್ತಿದೆ. ಮಾರಾಟವಾಗುವ ಟಿಕೆಟ್ ಒಂದಕ್ಕೆ 88 ಸೆಂಟ್‌ನಂತೆ ಅದಕ್ಕೆ ಹಣ ಸೇರುತ್ತದೆ, ಅಲ್ಲಿ ನಿಗದಿತ ಸಂಖ್ಯೆಯ ಸುತ್ತುಗಳನ್ನು ಆಡಿದವರು 50 ವರ್ಷ ತುಂಬಿದ ಮೇಲೆ ತಮ್ಮ ಪಾಲನ್ನು ಕೇಳಿ ಪಡೆಯಬಹುದು. ಅರ್ಹರಾದರೂ ಇದರ ಸುದ್ದಿಯೇ ತಿಳಿಯದೆ ಹಣ ಕೇಳದೆ ಉಳಿದವರು ಇದ್ದಾರೆ. ‘ಮೂಲೆಯ ಸ್ಟೂಲು’ ಅವರೇ, ನಿಮ್ಮ ಜೊತೆ ಕೆಲಸ ಮಾಡಿದವರಲ್ಲಿ ಯಾರಾದರೂ ಆ ರಾಜ್ಯದಲ್ಲಿ ಕೆಲವು ವರ್ಷ ಆಡಿದ್ದರೆ ಅಲ್ಲಿನ ಕ್ರೀಡಾ ಆಯೋಗಕ್ಕೆ ಒಂದು ಪತ್ರ ಬರೆಯಲು ದಯವಿಟ್ಟು ಹೇಳಿ.

ಮೂಲೆಯ ಸ್ಟೂಲು:

ಇಬ್ಬರಿದ್ದಾರೆ. ಒಬ್ಬರಿಗೆ ಈಗ 57 ವರ್ಷ. ಈ ವಾರವೇ ಅವರಿಗೆ ಫೋನ್ ಮಾಡುತ್ತೇನೆ.