ಕೈಯಲ್ಲಿ ಚಿತ್ರ ತೆಗೆದು ಕಲಬುರಗಿಯಲ್ಲೇ ಬದುಕಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ನಾನು. ಸಂಬಳ 14 ಸಾವಿರ. ಒಂದು ಸಂಸ್ಥೆಯವರು ರಕ್ತಹೀನತೆ ಬಗ್ಗೆ 24 ಚಿತ್ರ ಕೇಳಿದ್ದಾರೆ, ಹಳ್ಳಿ ಹೆಣ್ಣುಮಕ್ಕಳಿಗೆ ತೋರಿಸೋ ಕಾರ್ಡು. ಎಷ್ಟು ಹೇಳಲಿ? ಇಂಥ ಕೆಲಸ ನಂಬಿ ಶಾಲೆ ಬಿಡಬಹುದಾ?

ಶಹಾಬಜಾರದವ: ಸರ್, ನನ್ನ ಕತೆ ಕೇಳಿ. 2022ರಲ್ಲಿ ಇಂಥದ್ದೇ ಕೆಲಸ, 40 ಚಿತ್ರ, ಒಂದಕ್ಕೆ 900. ಒಟ್ಟು 36 ಸಾವಿರ ಅಂತ ಖುಷಿಪಟ್ಟೆ. ಅವರು ಕೊಟ್ಟ ಮಾದರಿ ಫೋಟೋ ಬೇರೆ ರಾಜ್ಯದ್ದು. ಅದನ್ನೇ ನೋಡಿ ಆಶಾ ಕಾರ್ಯಕರ್ತೆಗೆ ನೀಲಿ ಸೀರೆ ಉಡಿಸಿಬಿಟ್ಟೆ. ನಮ್ಮಲ್ಲಿ ಗುಲಾಬಿ ಅಲ್ವಾ? ದಿನಾ ಮನೆ ಮುಂದೆ ಓಡಾಡ್ತಾರೆ, ನನಗೇ ಹೊಳೀಲಿಲ್ಲ. 13 ಚಿತ್ರ ಮೊದಲಿಂದ ತೆಗೆದೆ. ಜಲವರ್ಣದ ನೀಲಿ ಮೇಲೆ ಗುಲಾಬಿ ಹಾಕಿದರೆ ನೇರಳೆ ಆಗುತ್ತೆ, ಮುಚ್ಚೋಕೆ ಬರಲ್ಲ. ಅದೂ ಮೇ ತಿಂಗಳು. ಬ್ರಷ್ ಹಾಳೆಯ ಆ ತುದಿ ಮುಟ್ಟೋದರೊಳಗೆ ಈ ತುದಿ ಒಣಗಿ ಗೆರೆ ಬಿದ್ದಿರುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಣ್ಣ ಹಚ್ಚಿದೆ. 300 ಜಿಎಸ್‌ಎಂ ದಪ್ಪ ಹಾಳೆಗೇ 4,100 ಹೋಯ್ತು. ಟಿಡಿಎಸ್ ಅಂತ 10 ಪರ್ಸೆಂಟ್ ತೆರಿಗೆ ಮುರಿದು 32,400 ಕೊಟ್ಟರು, ಅದೂ ಏಳು ತಿಂಗಳ ಮೇಲೆ.

ಬೀದರಕ್ಕ: ಸಮಾಜಸೇವೆ ಅಂದವರ ಹತ್ತಿರ ಹೋದರೆ ಹಿಂಗೇ. ನಾನು ಅಂಗಡಿಯವರಿಗೆ ಮಾತ್ರ ತೆಗೀತೀನಿ. ಒಂದು ಮಿಠಾಯಿ ಡಬ್ಬಿಗೆ ಬಿದರಿ ಕೆಲಸದ ಹೂಬಳ್ಳಿ ಬರೆದುಕೊಟ್ಟೆ, ಕಪ್ಪು ಮೇಲೆ ಬಿಳಿ ಗೆರೆ, 12 ಸಾವಿರ. ದುಡ್ಡು ಅವತ್ತೇ ಬಂತು. ಆದರೆ ಆ ಮಹಾರಾಯ ಅದನ್ನೇ ಚೀಲಕ್ಕೆ, ಕ್ಯಾಲೆಂಡರಿಗೆ, ಕೊನೆಗೆ ಆಟೋ ಹಿಂದೆ ಕೂಡ ಹಾಕಿಸಿದ. ಕೇಳಿದರೆ, ದುಡ್ಡು ಕೊಟ್ಟಿಲ್ವಾ ಅಂತಾನೆ. ಚಿತ್ರ ನಂದು, ಹಕ್ಕೂ ನಂದೇ.

ಗಂಜ್ ಅಣ್ಣ: ಅಕ್ಕಾ, ಕಾನೂನು ಹಂಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ, ಸೆಕ್ಷನ್ 17. ಹಣ ಕೊಟ್ಟು ಬರೆಸಿದ ಪೇಂಟಿಂಗ್ ಬರೆಸಿದವನದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಡಬ್ಬಿಗೆ ಮಾತ್ರ ಅಂತ ಮೊದಲೇ ಬರೆಸಿಕೊಳ್ಳಬೇಕಿತ್ತು.

ಬೀದರಕ್ಕ: ಪುಸ್ತಕ ಓದಿ ಬುದ್ಧಿ ಹೇಳೋದು ಸುಲಭ ಅಣ್ಣಾ. 20 ದಿನ ಕಣ್ಣು ಕಿತ್ತುಕೊಂಡು ಕೂತವಳು ನಾನು.

ಗಂಜ್ ಅಣ್ಣ: ನಾನೂ ಕಳಕೊಂಡೇ ಓದಿದ್ದು. ಶಹಾಬಜಾರದವರೇ, ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮಿ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು, ಇತ್ತಾ? ಇದ್ದಿದ್ದರೆ 45 ದಿನ ದಾಟಿದ ಮೇಲೆ ಬಡ್ಡಿ ಕೇಳಬಹುದಿತ್ತು.

ಶಹಾಬಜಾರದವ: ಬಡ್ಡಿ ಕೇಳಿದರೆ ಮತ್ತೆ ಕೆಲಸ ಕೊಡ್ತಾರೇನ್ರೀ? ಅಸಲು ಬಂದದ್ದೇ ಪುಣ್ಯ. ಅಂದಹಾಗೆ ಆ ನೋಂದಣಿ ಪುಕ್ಕಟೆಯಂತೆ. ಸೈಬರ್ ಸೆಂಟರಿನವನು ನನ್ನ ಹತ್ತಿರ 800 ಕಿತ್ತುಕೊಂಡ.

ಸುರಪುರದವ: ನೀವೆಲ್ಲ ಹಾಳೆಯವರು. ನಾನು ಗೋಡೆಯವ. ಶಾಲೆ ಗೋಡೆಗೆ ಚದರ ಅಡಿ ಲೆಕ್ಕ, ಬಣ್ಣ ನಮ್ಮದೇ. ಹೋದ ವರ್ಷ ಹಸಿ ಗೋಡೆ ಮೇಲೆ ಬರೆಸಿದರು, ಬೇಡ ಅಂದರೂ ಕೇಳಲಿಲ್ಲ. ಎರಡೇ ತಿಂಗಳಿಗೆ ಆನೆ ಸೊಂಡಿಲು ಉದುರಿತು, ಬೈಗುಳ ನನಗೆ. ಊರಲ್ಲಿದ್ದು ಆಗಲ್ಲ ಬಿಡಿ. ಎಸ್. ಎಂ. ಪಂಡಿತರೇ ಕಲಬುರಗಿ ಬಿಟ್ಟು ಮುಂಬೈಯಲ್ಲಿ ಕ್ಯಾಲೆಂಡರ್, ಸಿನಿಮಾ ಪೋಸ್ಟರ್ ಬರೆದು ಹೆಸರು ಮಾಡಿದ್ದು.

ಬೀದರಕ್ಕ: 1916ರಲ್ಲಿ ಹುಟ್ಟಿದವರ ಮಾತು ಈಗ್ಯಾಕೆ? ಅವರ ಕಾಲಕ್ಕೆ ವಾಟ್ಸಾಪ್ ಇತ್ತಾ? ಸ್ಕ್ಯಾನ್ ಮಾಡಿ ಕಳಿಸಿದರೆ ಮುಗೀತು.

ಶಹಾಬಜಾರದವ: ಸ್ಕ್ಯಾನ್ ಅಂದ್ರಾ? ತಿಳಿ ಹಳದಿ ಪೂರಾ ಮಾಯ ಆಗುತ್ತೆ. ಒಂದು ತಟ್ಟೆ ಬೇಳೆ ಬಿಳಿ ಅನ್ನದ ಥರ ಬಂತು ನನಗೆ.

ಕೇಳಿದವರು: ಎಲ್ಲಾ ಸರಿ, 24 ಚಿತ್ರಕ್ಕೆ ಎಷ್ಟು ಹೇಳಲಿ?

ಗಂಜ್ ಅಣ್ಣ: ತಿದ್ದುಪಡಿ ಎರಡೇ ಸಲ ಅಂತ ಬರೆಸಿಕೊಳ್ಳಿ, ಅರ್ಧ ಮುಂಗಡ ತಗೊಳ್ಳಿ, ರೇಟು ಆಮೇಲೆ. ಸ್ಕ್ಯಾನ್ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಮಾಡಿಸಿ, ಎ3ಗೆ 50 ರೂಪಾಯಿ.

ಶಹಾಬಜಾರದವ: ಐವತ್ತಾ? ಯಾವ ಅಂಗಡಿ? ನನ್ನ ಹತ್ತಿರ 80 ತಗೊಂಡನಲ್ರೀ!