ಫ್ಲಾಟಿನಲ್ಲಿ ತಿಗರಿ (ಕುಂಬಾರರ ಚಕ್ರ) ಇಡಬಹುದಾ? ಅನುಭವ ಇದ್ದವರು ಹೇಳಿ

ಡೊಂಬಿವಲಿಯಿಂದ: ಭಾನುವಾರದ ಕುಂಬಾರಿಕೆ ಕ್ಲಾಸಿನಲ್ಲಿ ಕೈ ಸ್ವಲ್ಪ ಕುದುರಿದೆ. ಮನೆಗೇ ಒಂದು ಕರೆಂಟಿನ ತಿಗರಿ ತರೋಣ ಅಂತಿದ್ದೇನೆ. ಎರಡನೇ ಮಹಡಿ, ಇರೋದು ಒಂದೇ ಬಾಲ್ಕನಿ. ಮಳೆಗಾಲದಲ್ಲಿ ಒಣಗಿಸೋದು, ಆಮೇಲೆ ಸುಡೋದು ಹೇಗೆ?

ಪುಣೆ, ಹಡಪಸರ: ಅಕ್ಕಾರ, ತಿಗರಿ ತರೂದು ದೊಡ್ಡ ಮಾತಲ್ಲ. ಎಲ್ಲಿ ಸುಡಸ್ತೀರಿ ಅನ್ನೂದು ಮೊದಲ ಗಟ್ಟಿ ಮಾಡ್ಕೋರಿ. ದೊಡ್ಡ ಭಟ್ಟಿಗೆ ತ್ರೀ ಫೇಸ್ ಕರೆಂಟ್ ಬೇಕು, ಸೊಸೈಟಿಯವ್ರು ಒಪ್ಪೂದು ಅಷ್ಟರಾಗ ಐತಿ. ನಾ ಒಂದು ಸ್ಟುಡಿಯೋಕ್ಕ ರೊಕ್ಕಾ ಕೊಟ್ಟು ಸುಡಸ್ತೀನಿ. ಒಯ್ಯೂಕಿಂತ ಮೊದಲ ಅವ್ರು ಎಷ್ಟು ಡಿಗ್ರಿಗೆ ಸುಡ್ತಾರ ಕೇಳ್ರಿ. ಕೆಂಪು ಟೆರಾಕೋಟಾ ಮಣ್ಣಿಗೆ 1000 ಡಿಗ್ರಿ ಆಸುಪಾಸು ಸಾಕು. ಅದನ್ನ 1200 ದಾಟೂ ಸ್ಟೋನ್‌ವೇರ್ (ಹೆಚ್ಚು ಕಾವಿಗೆ ಸುಡೂ ಬ್ಯಾರೆ ಜಾತಿ ಮಣ್ಣು) ಭಟ್ಟಿಗೆ ಇಟ್ರ ಸೊಟ್ಟಾಗಿ, ಕರಗಿ ಅವರ ಶೆಲ್ಫಿಗೇ ಅಂಟ್ತದ. ದಂಡ ಕಟ್ಟಾವ್ರು ನೀವು!

ಮುಂಬಯಿ, ಸಾಯನ್: ಮಳೆಗಾಲದ ಬಗ್ಗೆ ನಾನು ಹೇಳ್ತೇನೆ. ಜೂನ್‌ನಿಂದ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಣ್ಣು ಎಲ್ಲಿ ಒಣಗೀತು? ಆದರೆ ನಿಧಾನ ಒಣಗುವುದು ಕೆಟ್ಟದ್ದಲ್ಲ; ಫ್ಯಾನ್ ಕೆಳಗೆ ಇಡುವವರ ಪಾತ್ರೆಯೇ ಹೆಚ್ಚು ಸೀಳುವುದು. ಬಾಯಿ ಬೇಗ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿ, ಅಲ್ಲೇ ಜಗಳ. ಬಾಯಿಗೆ ಪ್ಲಾಸ್ಟಿಕ್ ಹೊದಿಸಿ, ಅಂಚು ಗಟ್ಟಿಯಾದ ಕೂಡಲೇ ಬೋರಲು ಹಾಕಿ. ಕಪ್ಪಿನ ಹಿಡಿ ಒಣಗುವ ಆತುರದ್ದು, ಅದಕ್ಕೆ ಬೇರೆಯೇ ಪ್ಲಾಸ್ಟಿಕ್ ಸುತ್ತಿ. ತಳದಲ್ಲಿ ಇಂಗ್ಲಿಷ್ ಎಸ್ ಆಕಾರದ ಬಿರುಕು ಬರುತ್ತಿದ್ದರೆ ಅದು ತಿಗರಿಯ ಮೇಲೆಯೇ ಹುಟ್ಟಿದ್ದು: ಮುದ್ದೆಯ ನಡುವೆ ಬೆರಳಿಳಿಸಿ ತಳ ಅಗಲಿಸಿದ ಮೇಲೆ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಬೆರಳು ಒತ್ತಿ ಎಳೆಯಿರಿ, ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಸುಡಲು ಕೊಡುವ ಮೊದಲು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ನೀರುಂಟು. ಭಟ್ಟಿಯಲ್ಲಿ ಅದು ಆವಿಯಾಗಿ ಪಾತ್ರೆ ಸಿಡಿಯುತ್ತದೆ, ಪಕ್ಕದವರದ್ದನ್ನೂ ಕೆಡಿಸುತ್ತದೆ.

ಬಿಡುವಿದ್ದರೆ ಧಾರಾವಿಯ ಕುಂಭಾರವಾಡೆಗೆ ಹೋಗಿ. ಸೌರಾಷ್ಟ್ರ ಮೂಲದ ಕುಂಬಾರರು ತಲೆಮಾರುಗಳಿಂದ ಅಲ್ಲಿದ್ದಾರೆ. ಅವರ ಕೈ ನೋಡುತ್ತ ಅರ್ಧ ಗಂಟೆ ನಿಂತರೆ ಯೂಟ್ಯೂಬ್ ಬೇಡ ಅನಿಸುತ್ತದೆ.

ಮಡಗಾಂವ: ಮಣ್ಣಿಗೆ ಖಾನಾಪುರ ನೋಡಿ. ಬೆಳಗಾವಿ ರೈಲಿನ ದಾರಿಯಲ್ಲೇ ಸಿಗುತ್ತೆ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಇನ್ನೊಂದು, ಕೆಸರು ಕೈಯನ್ನು ಸಿಂಕಿನಲ್ಲಿ ತೊಳೀಬೇಡಿ, ಪೈಪು ಕಟ್ಟುತ್ತೆ. ಬಕೆಟ್ಟಿನಲ್ಲೇ ತೊಳೆದು ರಾತ್ರಿಯಿಡೀ ಬಿಡಿ, ತಿಳಿನೀರು ಚೆಲ್ಲಿ, ಕೆಳಗಿನ ಮಣ್ಣು ಮತ್ತೆ ನಾದಿಕೊಳ್ಳಿ. ನೆಲ ಗುಡಿಸಲೂಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು.

ಡೊಂಬಿವಲಿಯಿಂದ: ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಮೊದಲು ಭಟ್ಟಿ ಹುಡುಕ್ತೀನಿ. ಕಲ್ಯಾಣ್ ಕಡೆ ಸುಟ್ಟುಕೊಡೋರು ಯಾರಾದ್ರೂ ಗೊತ್ತಾ?